ಮೂರನೆಯ ಕೂಗು

ನೀಲಾಂಬಿಕಾಳ ದನಿಗೆ ಮೊದಲು ಬೆಚ್ಚಿದವಳು ಹುಬ್ಬಳ್ಳಿಯ ಜನತಾ ಬಜಾರಿನಲ್ಲಿ ಸೊಪ್ಪು ಮಾರುವ ಹೆಂಗಸು. ‘ಮೆಂತೆಪಲ್ಲೆ ಹೆಂಗ ಕೊಟ್ಟಿ, ಯವ್ವಾ?’ ಎಂದು ನೀಲಾ ಕೇಳಿದ್ದೇ ತಡ, ಆಕೆಯ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಜಾರಿ ಬಿತ್ತು. ಎರಡೂ ಕೈ ಕಿವಿಗೆ ಹೋದವು. ಒಂದು ಗಳಿಗೆಯ ಮೇಲೆ ತಾನೇ ನಾಚಿಕೊಂಡು ನಕ್ಕಳು.

‘ಅಯ್ಯ, ಓಲ್ಯಾಗ ದೆವ್ವದ ಕಥಿ ಹೇಳಾಕಿ ನೀವೇನ್ರೀ ಅಕ್ಕಾರ? ನಿಮ್ಮ ದನಿ ಕೇಳಿ ಎದಿ ಧಸಕ್ ಅಂತ ನೋಡ್ರಿ!’

ನೀಲಾ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಳು. ಮನೆಗೆ ಬಂದು ಗಂಡ ಗುರುಶಾಂತನ ಮುಂದೆ ಹೇಳಿಕೊಂಡು ನಕ್ಕಳು ಕೂಡ. ಬಾನುಲಿಯಲ್ಲಿ ವರ್ಷಗಟ್ಟಲೆ ಹವಾಮಾನ, ಧಾರಣೆ, ಕೃಷಿ ಸಲಹೆ ಓದಿದಾಗ ಒಬ್ಬರೂ ಅವಳ ದನಿಯನ್ನು ಗುರುತು ಹಿಡಿದಿರಲಿಲ್ಲ. ಈಗ ಸಂತೆಯಲ್ಲಿ ಗುರುತು ಹಿಡಿಯುತ್ತಿದ್ದರು.

ಅವಳು ಕೆಲಸ ಮಾಡುತ್ತಿದ್ದುದು ‘ಪಿಸುಮಾತು’ ಎಂಬ ಸಂಸ್ಥೆಯಲ್ಲಿ. ಗೋಕುಲ ರಸ್ತೆಯ ಕಡೆ ಹಳೆಯ ಗೋದಾಮೊಂದನ್ನು ಒಳಗಿನಿಂದ ಹತ್ತಿಯ ಹಲಗೆ ಹೊಡೆದು ಸದ್ದಡಗಿಸಿ ಮಾಡಿದ ಕಚೇರಿ. ಊರೂರಿನ ಜನ ತಮ್ಮ ಫೋನಿನಲ್ಲೇ ಹೇಳಿ ಕಳಿಸಿದ ಭಯದ ಕಥೆಗಳು ಅಲ್ಲಿಗೆ ಬಂದು ಬೀಳುತ್ತಿದ್ದವು. ಇಲ್ಲದ ಮಹಡಿಯಲ್ಲಿ ಬಾಗಿಲು ತೆರೆಯುವ ಲಿಫ್ಟು. ಕಾರವಾರ ರಸ್ತೆಯಲ್ಲಿ ಕೊನೆಯ ಬಸ್ಸಿಗೆ ಕೈ ಮಾಡುವ ಮದುಮಗಳು. ಎತ್ತಿದರೆ ನಮ್ಮದೇ ಅಳು ಕೇಳಿಸುವ ಫೋನ್ ನಂಬರು. ಅವನ್ನು ತಿದ್ದಿ, ತೀಡಿ, ತನ್ನ ತಗ್ಗಿನ ದನಿಯಲ್ಲಿ ಮತ್ತೆ ಹೇಳುವುದು ನೀಲಾಳ ಕೆಲಸ. ನಡುನಡುವೆ ತನ್ನ ಅಜ್ಜಿ ಹೇಳಿದ ಕಥೆಗಳನ್ನೂ ಸೇರಿಸುತ್ತಿದ್ದಳು. ಅದರಲ್ಲಿ ಎಲ್ಲರಿಗೂ ಹಿಡಿಸಿದ್ದು ಕೂಗುಮಾರಿಯ ಕಥೆ. ಕೂಗುಮಾರಿ ಬಾಗಿಲಲ್ಲಿ ನಿಂತು ನಿಮ್ಮವರ ದನಿಯಲ್ಲೇ ನಿಮ್ಮನ್ನು ಕೂಗುತ್ತಾಳೆ. ಓಗೊಟ್ಟರೆ ಮುಗಿಯಿತು, ಬಾಯಲ್ಲಿ ರಕ್ತ. ಆದರೆ ಅವಳಿಗೆ ಒಂದೇ ಸಲ ಕೂಗುವ ಶಕ್ತಿ. ಅದಕ್ಕೇ ಹಿರಿಯರು ಹೇಳುವುದು, ಮೂರನೆಯ ಕೂಗಿಗೆ ಓಗೊಡು, ಮೂರು ಸಲ ಕೂಗುವವರು ಮನುಷ್ಯರು ಮಾತ್ರ.

ಓಲೆ ಎಂದರೆ ಕಿವಿಯಲ್ಲಿ ಸಿಕ್ಕಿಸಿಕೊಳ್ಳುವ ಪುಟ್ಟ ಯಂತ್ರ. ಅದನ್ನು ಮಾಡಿದವರು ಡಾಕ್ಟರ್ ಇಲಿಯಾಸ್ ನದಾಫ್, ಕಿವಿಯ ವಿಜ್ಞಾನಿ. ಹಸುಗೂಸುಗಳಿಗೆ ಕಿವಿ ಕೇಳಿಸುತ್ತದೆಯೋ ಇಲ್ಲವೋ ತಿಳಿಯಲೆಂದು ಅದನ್ನು ಕಟ್ಟಿದ್ದರು. ಕೂಸು ಬಾಯಿ ಬಿಟ್ಟು ಹೇಳಲಾರದು, ಅದರ ನಾಡಿ ಹೇಳುತ್ತದೆ. ಸದ್ದು ಕಿವಿಗೆ ಬಿದ್ದೊಡನೆ ನಾಡಿ ಒಂದಿಷ್ಟು ಏರುತ್ತದೆ, ಚರ್ಮ ಬೆವರುತ್ತದೆ, ಕಿವಿಯೊಳಗಿನ ಕೂದಲೆಳೆಯಂಥ ಸ್ನಾಯು ಬಿಗಿಯುತ್ತದೆ. ಓಲೆ ಇವನ್ನೆಲ್ಲ ಅಳೆಯುತ್ತಿತ್ತು. ಪಿಸುಮಾತಿನ ಒಡೆಯ ವಿನಯ ರೇವಣಕರ ಅದನ್ನು ನೋಡಿ ಒಂದೇ ಪ್ರಶ್ನೆ ಕೇಳಿದ್ದ. ಕೇಳುವವನ ನಾಡಿ ನೋಡಿಕೊಂಡು ಕಥೆ ತನ್ನಷ್ಟಕ್ಕೆ ತಾನೇ ಬದಲಾದರೆ?

‘ಅಜ್ಜಿ ಮಾಡ್ತಿದ್ದದ್ದೂ ಅದನ್ನ ಅಲ್ಲೇನ್ರಿ?’ ಎಂದು ಇಲಿಯಾಸ್ ಮೊದಲ ದಿನ ನೀಲಾಳಿಗೆ ಉಮೇದಿನಿಂದ ವಿವರಿಸಿದ್ದರು. ‘ಮೊಮ್ಮಕ್ಕಳ ಮುಖಾ ನೋಡಿ ನೋಡಿ ಕಥಿ ಹೇಳ್ತಿದ್ಲು. ಎಲ್ಲಿ ದನಿ ಇಳಸಬೇಕು, ಎಲ್ಲಿ ಸುಮ್ಮನಾಗಬೇಕು. ಓಲಿನೂ ಹಂಗ ನೋಡತೈತಿ. ಒಬ್ಬೊಬ್ಬರಿಗೂ ಅವರದ ಕಥಿ.’

ನೀಲಾ ಒಂದು ಬೇಸಿಗೆಯಿಡೀ ಹತ್ತಿಯ ಕೋಣೆಯಲ್ಲಿ ಕೂತು ಓದಿದಳು. ನಿಟ್ಟುಸಿರು, ಪಿಸುಮಾತು, ಅಳು, ಕೂಗು, ಎಲ್ಲವನ್ನೂ ಯಂತ್ರಕ್ಕೆ ಕೊಟ್ಟಳು. ಆಮೇಲೆ ಯಂತ್ರವೇ ಅವಳ ದನಿಯಲ್ಲಿ ಮಾತಾಡಲು ಕಲಿಯಿತು. ನಾಡಿನ ಲಕ್ಷಾಂತರ ಕಿವಿಗಳಲ್ಲಿ ಏಕಕಾಲಕ್ಕೆ ನೀಲಾಂಬಿಕಾ ಕಥೆ ಹೇಳುತ್ತಿದ್ದಳು, ಒಂದೊಂದು ಕಿವಿಗೆ ಒಂದೊಂದು ಬಗೆ. ಅವಳಿಗೇ ಅವೆಲ್ಲ ಏನೆಂದು ಗೊತ್ತಿರಲಿಲ್ಲ.

ಮನೆಯಲ್ಲಿ ಮಗಳು ಮುಕ್ತಾ. ಶಾಲೆಯಲ್ಲಿ ಐದನೆಯ ಇಯತ್ತೆ. ಗುರುಶಾಂತ ರೈಲ್ವೆ ಕಾರ್ಯಾಗಾರದಲ್ಲಿ ಫಿಟರ್. ಇಬ್ಬರೂ ದುಡಿಯಲು ಹೋದರೆ ಶಾಲೆ ಬಿಟ್ಟ ಮೇಲೆ ಮುಕ್ತಾ ಒಬ್ಬಳೇ. ಕೀಲಿ ತೆಗೆದು ಒಳಗೆ ಬಂದು, ಡಬ್ಬಿಯಲ್ಲಿಟ್ಟ ಅವಲಕ್ಕಿ ತಿಂದು, ತಾಯಿ ಬರುವ ತನಕ ಕಾಯುತ್ತಿದ್ದಳು. ಸಣ್ಣ ಮಕ್ಕಳಿಗೆ ಓಲೆ ಕೊಡಬಾರದೆಂಬ ನಿಯಮವಿತ್ತು. ಗುರುಶಾಂತನ ಹಳೆಯ ಓಲೆಯೊಂದು ಟೇಬಲ್ಲಿನ ಖಾನೆಯಲ್ಲಿ ಬಿದ್ದಿತ್ತು. ಮುಕ್ತಾಳಿಗೆ ದೆವ್ವದ ಕಥೆ ಬೇಕಿರಲಿಲ್ಲ. ಖಾಲಿ ಮನೆಯಲ್ಲಿ ಅವ್ವನ ದನಿ ಬೇಕಿತ್ತು. ಅದು ಅಲ್ಲಿತ್ತು.

ಶುರುವಿನಲ್ಲಿ ನೀಲಾಳಿಗೆ ಕಂಡದ್ದು ಬರೀ ಹಟ. ಕರೆದರೆ ಹುಡುಗಿ ಬರುತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯಿಂದ ‘ಮುಕ್ತಾ, ಊಟಕ್ಕ ಬಾ’ ಎಂದಳು. ಸದ್ದಿಲ್ಲ. ಮತ್ತೊಮ್ಮೆ ಕರೆದಳು. ಇನ್ನೊಮ್ಮೆ ಜೋರಾಗಿ ಕರೆದು, ಸಿಟ್ಟು ನೆತ್ತಿಗೇರಿ, ಸೌಟು ಹಿಡಿದುಕೊಂಡೇ ಹುಡುಕಿದಳು. ಮಗಳು ಕಪಾಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮುದುಡಿ ಕೂತಿದ್ದಳು. ಕಿವಿ ಮುಚ್ಚಿಕೊಂಡಿದ್ದಳು. ಚಡ್ಡಿ ಒದ್ದೆಯಾಗಿತ್ತು.

‘ಮುಕ್ತಾ! ಏನಾತವ್ವಾ? ಮೂರ ಸಲ ಕರದ್ನಲ್ಲ, ಯಾಕ ಬರಲಿಲ್ಲ?’

‘ಮೂರ ಸಲ ಕರದಿ’ ಎಂದಳು ಮುಕ್ತಾ, ಹಲ್ಲು ಕಟಕಟ ಎನ್ನುತ್ತಿದ್ದವು. ‘ಅದಕ್ಕ ಬರಲಿಲ್ಲ.’

‘ಹಂಗಂದ್ರ?’

‘ಅಕಿನೂ ಮೂರ ಸಲ ಕರೀತಾಳ.’

‘ಯಾರು?’

‘ಕೂಗುಮಾರಿ.’

ನೀಲಾ ಸೌಟು ಕೆಳಗಿಟ್ಟು ನೆಲಕ್ಕೆ ಕೂತಳು. ‘ಇಲ್ಲ ನನ ಕಂದಾ, ಅಕಿ ಒಂದ ಸಲ ಕೂಗತಾಳ. ಮೂರನೇ ಸಲಾ ಕೂಗಿದ್ರ ಅವ್ವನ. ನಾನ ಹೇಳೇನಿ ನಿನಗ.’

‘ಮೊದಲ ಹಂಗ ಹೇಳತಿದ್ದಿ. ಈಗ ಹಂಗ ಹೇಳೂದಿಲ್ಲ ನೀ.’

ಎತ್ತಿಕೊಳ್ಳಲು ನೀಲಾ ಕೈ ಚಾಚಿದಳು. ಮುಕ್ತಾ ಇನ್ನಷ್ಟು ಒಳಕ್ಕೆ ಸರಿದಳು. ಕೊನೆಗೆ ಅವಳನ್ನು ಸಂದಿಯಿಂದ ಹೊರಗೆ ಕರೆದದ್ದು ಗುರುಶಾಂತ.

ಮರುದಿನ ಮುಂಜಾನೆಯೇ ನೀಲಾ ಮಗಳ ದಿಂಬಿನಡಿ ಸಿಕ್ಕ ಆ ಹಳೆಯ ಓಲೆಯನ್ನು ಇಲಿಯಾಸರ ಪ್ರಯೋಗಾಲಯಕ್ಕೆ ಒಯ್ದಳು. ‘ನನ್ನ ಮಗಳಿಗೆ ಇದು ಏನ್ ಹೇಳೇತಿ, ನನಗ ಕೇಳಸ್ರಿ’ ಎಂದಳು.

ಇಲಿಯಾಸ್ ತಂತಿ ಜೋಡಿಸಿದರು. ಪರದೆಯ ಮೇಲೆ ಒಂದು ಗೆರೆ ಮೂಡಿತು, ಮುಕ್ತಾಳ ನಾಡಿಯದು. ಅದರ ಕೆಳಗೆ ಅವಳು ಕೇಳಿದ ಕಥೆ. ಆರಂಭದ ದಿನಗಳಲ್ಲಿ ಕಥೆ ನೀಲಾ ಹೇಳಿದ ಹಾಗೆಯೇ ಇತ್ತು. ಕೂಗು ಬರುವಾಗ ಗೆರೆ ಏರುತ್ತಿತ್ತು. ‘ಮೂರನೆಯ ಕೂಗಿಗೆ ಓಗೊಡು’ ಎಂಬ ಮಾತಿಗೆ ಬಂದಾಗ ಗೆರೆ ಮೆಲ್ಲನೆ ಇಳಿಯುತ್ತಿತ್ತು. ಅಲ್ಲಿಗೆ ಹುಡುಗಿ ಓಲೆ ತೆಗೆದಿಟ್ಟು ಆಡಲು ಹೋಗಿರುತ್ತಿದ್ದಳು.

‘ಇಲ್ಲಿ ನೋಡ್ರಿ’ ಎಂದರು ಇಲಿಯಾಸ್. ಅವರು ಗೆರೆಯ ಮೇಲೆ ಬೆರಳಿಟ್ಟರು. ‘ಆ ಮಾತು ಕೇಳಿದ್ರ ಹೆದರಿಕಿ ಇಳೀತೈತಿ. ಹೆದರಿಕಿ ಇಳದ್ರ ಕೇಳೂದು ನಿಲ್ಲತೈತಿ. ಯಂತ್ರ ಅದನ್ನ ಗಮನಿಸೇತಿ. ಆ ಮಾತನ್ನ ಕಿತ್ತ ಒಗದೈತಿ.’

ಆಮೇಲೆ ನೀಲಾ ತನ್ನದೇ ದನಿಯನ್ನು ಕೇಳಿದಳು. ತಾನು ಎಂದೂ ಆಡದ ಮಾತು. ಮನೆಯಲ್ಲಿ ಕರೆಯುವ ಹೆಸರನ್ನೂ ಓಲೆ ಕೇಳಿಸಿಕೊಂಡು ಕಲಿತಿತ್ತು. ‘ಮೂರು ಸಲ ಕೂಗಿದರೂ ಹೋಗಬ್ಯಾಡ ಮುಕ್ತಾ. ಅಡಗಿ ಮನ್ಯಾಗ ನಿಂತಾಕಿ ನಿಮ್ಮವ್ವ ಅಲ್ಲ. ನಿಮ್ಮವ್ವ ಇಲ್ಲೇ ನಿನ್ನ ಕಿವ್ಯಾಗ ಅದಾಳ.’ ಮಲಗಿಸುವಾಗ ಮಗಳ ಕಿವಿಯ ಹತ್ತಿರ ಬಂದು ಮಾತಾಡುವ ಅದೇ ಮೆತ್ತನೆಯ ದನಿ.

ಇಲಿಯಾಸ್ ಆ ದಿನವೆಲ್ಲ ಬೇರೆ ಬೇರೆ ಊರಿನ ಕೇಳುಗರ ಕಥೆಗಳನ್ನು ತೆಗೆದು ನೋಡಿದರು. ಎಲ್ಲ ಕಡೆಯೂ ಅದೇ ಆಗಿತ್ತು. ನಮ್ಮ ಹಿರಿಯರು ಹೆದರಿಸಿದ್ದು ನಿಜ. ಆದರೆ ಹೆದರಿಸಿದ ಮೇಲೆ ಒಂದು ದಾರಿ ತೋರಿಸದೆ ಬಿಟ್ಟಿರಲಿಲ್ಲ. ಬಾಗಿಲ ಮೇಲೆ ನಾಳೆ ಬಾ ಎಂದು ಬರಿ, ಹೊಸ್ತಿಲಿಗೆ ಬೇವು ಸಿಕ್ಕಿಸು, ಹಿಂದಿರುಗಿ ನೋಡದೆ ನಡಿ, ಮನೆದೇವರ ಹೆಸರು ಹೇಳು. ಪ್ರತಿ ಕಥೆಯಿಂದಲೂ ಆ ದಾರಿ ಮಾಯವಾಗಿತ್ತು. ಮದುಮಗಳಿಂದ ಪಾರಾಗಲು ಉಪಾಯವಿರಲಿಲ್ಲ. ಲಿಫ್ಟಿನಿಂದ ಹೊರಬರಲು ಬಾಗಿಲಿರಲಿಲ್ಲ. ಭಯವೊಂದೇ ಉಳಿದಿತ್ತು. ಅದನ್ನು ಹೇಳುತ್ತಿದ್ದ ದನಿ ಒಂದೇ, ನೀಲಾಳದು.

‘ಬಂದ್ ಮಾಡ್ರಿ ಇದನ್ನ’ ಎಂದಳು ನೀಲಾ, ರೇವಣಕರನ ಕೋಣೆಯಲ್ಲಿ ನಿಂತು.

ಅವನು ವಾದ ಮಾಡುತ್ತಾನೆ ಎಂದುಕೊಂಡಿದ್ದಳು. ಅವನು ಮಾಡಲಿಲ್ಲ. ಅವನ ಮುಖ ಬಿಳಿಚಿತ್ತು. ‘ಮಾಡ್ತೇನಿ ಮೇಡಂ. ಇವತ್ತೇ ಮಾಡ್ತೇನಿ’ ಎಂದ. ‘ಆದ್ರ ಅದರಿಂದ ಏನೂ ಆಗೂದಿಲ್ಲ. ನಿಮ್ಮ ದನಿ ಈಗ ನಮ್ಮ ಕಡೆ ಅಷ್ಟ ಇಲ್ಲ. ಜನ ಇಳಿಸ್ಕೊಂಡಾರ, ಗ್ರೂಪಿನಾಗ ಹಂಚ್ಯಾರ. ಯಾರ್ಯಾರೋ ನಮ್ಮ ಯಂತ್ರದ ನಕಲು ಮಾಡ್ಯಾರ. ಎಲ್ಲಿ ಅಂತ ಹುಡಕೂದು ನಾನು?’

ಪಿಸುಮಾತು ಅಂದೇ ಮುಚ್ಚಿತು. ದನಿ ನಿಲ್ಲಲಿಲ್ಲ. ಚಹಾದಂಗಡಿಯ ಹುಡುಗರು ಪಂದ್ಯ ಕಟ್ಟಿ ಕೇಳುತ್ತಿದ್ದರು. ಬಸ್ಸಿನಲ್ಲಿ ಪಕ್ಕದ ಸೀಟಿನವನ ಫೋನಿನಲ್ಲಿ ಅದು ಪಿಸುಗುಡುತ್ತಿತ್ತು. ಹೆದರಿದವರು ಹೆದರಿಕೆ ಹಂಚಿಕೊಂಡರೆ ಹಗುರಾಗುತ್ತದೆಂದು ಇನ್ನೊಬ್ಬರಿಗೆ ಕಳಿಸುತ್ತಿದ್ದರು. ಕ್ರಮೇಣ ಊರಿನ ರೀತಿಯೇ ಬದಲಾಯಿತು. ಬಸ್ ನಿಲ್ದಾಣದಲ್ಲಿ ಹೆಣ್ಣುದನಿಯ ಪ್ರಕಟಣೆ ತೆಗೆದು ಗಂಡುದನಿ ಹಾಕಿದರು. ನೀಲಾಳಂಥದೇ ತಗ್ಗುದನಿಯ ಶಿಕ್ಷಕಿಯೊಬ್ಬಳು ಪಾಠ ಮಾಡಲು ನಿಂತರೆ ಹಿಂದಿನ ಬೆಂಚಿನ ಮಕ್ಕಳು ಅಳುತ್ತಿದ್ದರಂತೆ. ಅವಳು ಕೆಲಸ ಬಿಟ್ಟಳು. ಬಜಾರಿನ ಸೊಪ್ಪಿನ ಹೆಂಗಸು ಈಗ ನೀಲಾಳನ್ನು ಕಂಡರೆ ನಗುತ್ತಿರಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, ಬೇಕಾದ್ದನ್ನು ಕೈಯಿಂದ ತೋರಿಸೆಂದು ಸನ್ನೆ ಮಾಡುತ್ತಿದ್ದಳು.

ಇಲಿಯಾಸ್ ಮುಕ್ತಾಳನ್ನು ಪ್ರಯೋಗಾಲಯಕ್ಕೆ ಕರೆಸಿಕೊಂಡರು. ಗಾಜಿನ ಈಚೆ ಹುಡುಗಿ, ಅಪ್ಪನ ತೊಡೆಯ ಮೇಲೆ. ಆಚೆ ನೀಲಾ. ಕಥೆ ಬೇಡ, ಏನಾದರೂ ಸಾದಾ ಮಾತು ಹೇಳಿ ಎಂದರು. ನೀಲಾ ರೊಟ್ಟಿ ಬಡಿಯುವುದನ್ನು ಹೇಳಿದಳು. ಜೋಳದ ಹಿಟ್ಟು ಜರಡಿ ಹಿಡಿಯಬೇಕು, ಕುದಿನೀರು ಹಾಕಿ ನಾದಬೇಕು, ಹಂಚು ಕಾದಿರಬೇಕು. ಗೆರೆ ಮೇಲೇರಿತು. ‘ಹಂಚು’ ಎನ್ನುವಷ್ಟರಲ್ಲಿ ಮುಕ್ತಾ ಅಪ್ಪನ ಅಂಗಿಯೊಳಗೆ ತಲೆ ತೂರಿಸಿದ್ದಳು.

‘ಮಾತಿನ ಅರ್ಥ ತಲೀಗೆ ಮುಟ್ಟೂದರಾಗ ದನಿ ಎದೀಗೆ ಮುಟ್ಟಿರತೈತ್ರಿ’ ಎಂದರು ಇಲಿಯಾಸ್. ‘ಮೈ ಕಲತ ಹೆದರಿಕಿ ಅಳಸಿ ಹೋಗೂದಿಲ್ಲ. ಅದರ ಮ್ಯಾಲ ಸುಖದ್ದೊಂದು ಪದರ ಹಾಸಬಹುದು, ಅಷ್ಟ. ದಿನಾ ಒಂದೀಟು, ದೂರದಿಂದ. ಅಲ್ಲೀತನಕ ಅಕಿ ಮುಂದ ಮಾತಾಡಬ್ಯಾಡ್ರಿ.’

ಹಾಗೆ ನೀಲಾ ತನ್ನ ಮನೆಯಲ್ಲಿ ಮೂಕಿಯಾದಳು. ಹಸಿವು, ಸ್ನಾನ, ಶಾಲೆ ಎಲ್ಲಕ್ಕೂ ಸನ್ನೆ. ದಿನಕ್ಕೊಮ್ಮೆ, ಮುಕ್ತಾ ಅಪ್ಪನ ಜೊತೆ ಪಗಡೆ ಆಡುತ್ತ ನಗುವಾಗ, ಹಿತ್ತಲಿನಿಂದ ಒಂದೇ ಒಂದು ಪದ. ‘ಮಲ್ಲಿಗಿ.’ ಮರುದಿನ ‘ಬೆಲ್ಲ.’ ಬೇಸಿಗೆ ಕಳೆಯುವ ಹೊತ್ತಿಗೆ ಹುಡುಗಿ ಪದಕ್ಕೆ ಬೆಚ್ಚುವುದು ಕಡಿಮೆಯಾಗಿತ್ತು. ಒಂದು ಸಂಜೆ ತಾನಾಗಿಯೇ ಹಿತ್ತಲ ಬಾಗಿಲ ತನಕ ಬಂದು, ತಾಯಿಯ ಸೆರಗಿನ ತುದಿ ಹಿಡಿದು ನಿಂತಳು. ನೀಲಾ ನಿಂತಲ್ಲೇ ನಿಂತಳು.

ಶಾಲೆ ಶುರುವಾಯಿತು. ಊಟದ ಬಿಡುವಿನಲ್ಲಿ ಯಾರೋ ಫೋನು ತಂದಿದ್ದರು. ಎಲ್ಲರೂ ಸುತ್ತ ಕೂತು ಕೇಳಿದರು. ನೀಲಾಳ ದನಿ ಬಲ್ಲ ಹುಡುಗಿಯೊಬ್ಬಳು, ‘ಇದು ನಿಮ್ಮವ್ವಂದ ದನಿ ಅಲ್ಲ?’ ಎಂದು ಫೋನನ್ನು ಅವಳ ಕಿವಿಗೆ ಹಿಡಿದಳು. ಅಂದು ಸಂಜೆ ಮನೆಗೆ ಬಂದ ಮುಕ್ತಾ ತಾಯಿಯ ಮುಖ ಕೂಡ ನೋಡಲಿಲ್ಲ. ಹಾಸಿದ ಪದರ ಒಂದೇ ಮಧ್ಯಾಹ್ನದಲ್ಲಿ ಹರಿದುಹೋಗಿತ್ತು.

ಕಾರಹುಣ್ಣಿಮೆ ಬಂತು. ಹುಬ್ಬಳ್ಳಿಯ ಆಕಾಶದ ತುಂಬ ಗಾಳಿಪಟ. ಗುರುಶಾಂತ ಮಗಳಿಗೊಂದು ಹಳದಿ ಪಟ ತಂದುಕೊಟ್ಟಿದ್ದ. ಅವನು ಇನ್ನೊಂದು ದಾರದ ಉಂಡೆ ತರಲು ಕೆಳಗೆ ಹೋದಾಗ ಮುಕ್ತಾ ಮಾಳಿಗೆಯ ಮೇಲೆ ಒಬ್ಬಳೇ ಇದ್ದಳು. ಎರಡು ಕಡೆ ಕಟ್ಟೆ ಕಟ್ಟಿಸಿ, ಉಳಿದೆರಡು ಕಡೆ ಹಾಗೇ ಬಿಟ್ಟ ಮಾಳಿಗೆ. ನೀಲಾ ಒಣಗಿದ ಬಟ್ಟೆ ತೆಗೆಯಲು ಮೆಟ್ಟಿಲು ಹತ್ತಿ ಬಂದಳು.

ಮುಕ್ತಾ ತಲೆಯೆತ್ತಿ ಪಟವನ್ನೇ ನೋಡುತ್ತ, ದಾರ ಎಳೆಯುತ್ತ, ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದಳು. ಅವಳ ಹಿಂದೆ ಕಟ್ಟೆಯಿಲ್ಲದ ಅಂಚು. ನಗುತ್ತಿದ್ದಳು. ಬಹಳ ದಿನಗಳ ಮೇಲೆ ನೀಲಾ ಮಗಳ ಆ ನಗು ಕಂಡದ್ದು.

ನೀಲಾ ಓಡಿದಳು. ತಂತಿಗೆ ಹಾಕಿದ ಚಾದರ ಅಡ್ಡ ಬಂದು ಮುಖಕ್ಕೆ ಸುತ್ತಿಕೊಂಡಿತು. ಅದನ್ನು ಕಿತ್ತು ಹಾಕುವಷ್ಟರಲ್ಲಿ ಹುಡುಗಿಯ ಹಿಮ್ಮಡಿ ಅಂಚಿನ ಬಳಿ ಬಂದಿತ್ತು. ಕೈಗೆ ಸಿಗುವ ದೂರವಲ್ಲ. ಕೂಗಿದರೆ ಏನಾಗುತ್ತದೆಂದು ನೀಲಾಳಿಗೆ ಗೊತ್ತಿತ್ತು. ಕೂಗದೆ ಹೋದರೆ ಏನಾಗುತ್ತದೆಂಬುದೂ ಕಣ್ಣ ಮುಂದಿತ್ತು. ತಾಯಿಯ ಬಾಯಿ ಲೆಕ್ಕ ಹಾಕುವುದಿಲ್ಲ.

‘ಮುಕ್ತಾ!’

ಹುಡುಗಿ ತಿರುಗಿ ನೋಡಿದಳು. ನೋಡಿದ್ದು ತಾಯಿಯನ್ನೇ. ಆದರೂ ಅವಳ ಮೈ ದನಿಯಿಂದ ದೂರ ಸರಿಯಿತು. ಹಿಂದಕ್ಕೆ, ಒಂದು ಹೆಜ್ಜೆ.

ಕೆಳಗಿನ ಮನೆಯ ತಗಡಿನ ಮೇಲೆ ಬಿದ್ದ ಸದ್ದು ಓಣಿಗೆಲ್ಲ ಕೇಳಿಸಿತು.

ಜೀವ ಉಳಿಯಿತು. ತೊಡೆಯ ಎಲುಬು ಮುರಿದಿತ್ತು, ಸೊಂಟದಲ್ಲಿ ಬಿರುಕು. ಒಂದು ಕಾಲು ಇನ್ನೊಂದರಷ್ಟು ಉದ್ದ ಬೆಳೆಯಲಾರದು ಎಂದರು ವೈದ್ಯರು. ಆಸ್ಪತ್ರೆಯ ಮೊಗಸಾಲೆಯಲ್ಲಿ ಗುರುಶಾಂತ ಹೆಂಡತಿಯ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದ. ‘ನಾ ಉಂಡಿ ತರಾಕ ಹೋಗಬಾರದಿತ್ತು’ ಎಂದ. ಅವಳತ್ತ ತಿರುಗದೆ, ‘ನೀ ಕೂಗಬಾರದಿತ್ತು ನೀಲಾ’ ಎಂದ. ಆಮೇಲೆ ಹೇಳಿದ್ದಕ್ಕೆ ಮುಖ ಮುಚ್ಚಿಕೊಂಡು ಅತ್ತ. ನೀಲಾ ಅವನ ಬೆನ್ನ ಮೇಲೆ ಕೈಯಿಟ್ಟಳು. ಸಮಾಧಾನದ ಮಾತು ಬಾಯಿಗೆ ಬಂದರೂ ಆಡಲಿಲ್ಲ. ವಾರ್ಡಿನ ಬಾಗಿಲು ತೆರೆದಿತ್ತು, ದನಿ ಒಳಗೆ ಹೋಗುತ್ತಿತ್ತು.

ಇಲಿಯಾಸರಿಗೆ ಅವಳು ತನ್ನ ನಿರ್ಧಾರವನ್ನು ಹೇಳಿದ್ದು ಪ್ರಯೋಗಾಲಯದಲ್ಲೇ. ‘ನನ್ನ ಗಂಟಲ ಕೊಯಸ್ತೇನ್ರಿ. ಈ ದನಿ ತಗಿಸಿಬಿಡತೇನಿ.’

‘ಮೇಡಂ, ವಿಚಾರ ಮಾಡ್ರಿ. ದನಿಪಟ್ಟಿಗೆ ಒಮ್ಮೆ ಕತ್ತರಿ ಹಾಕಿದ್ರ ತಿರುಗಿ ಬರೂದಿಲ್ಲ. ಯಂತ್ರದಾಗ ನಿಮ್ಮ ದನಿ ಹಂಗ ಇರತೈತಿ.’

‘ಇರಲಿ. ಅದು ಅವರದಾತು. ನನಗ ಮಗಳ ಕೂಡ ಮಾತಾಡಬೇಕು.’

ಇಲಿಯಾಸರೇ ತಮ್ಮ ಗೆಳೆಯರಾದ ಗಂಟಲಿನ ಶಸ್ತ್ರವೈದ್ಯರೊಬ್ಬರ ಬಳಿ ಕರೆದೊಯ್ದರು. ಅವರು ದನಿಪಟ್ಟಿಯ ಒಂದು ಪಾಲನ್ನು ತೆಗೆದು ಉಳಿದುದನ್ನು ಹೊಲಿದರು. ಗಾಯ ಮಾಗುವ ತನಕ ಮಾತಿಲ್ಲ. ಮಾಗಿದ ಮೇಲೆ ಬಂದ ದನಿ ಬೇರೆಯೇ ಆಗಿತ್ತು. ದಪ್ಪ, ಒರಟು, ಅಲ್ಲಲ್ಲಿ ಒಡೆದದ್ದು, ಗೋಣಿಚೀಲ ಎಳೆದಂತೆ. ನೀಲಾ ಆಸ್ಪತ್ರೆಯ ಬಚ್ಚಲಿನಲ್ಲಿ ಒಬ್ಬಳೇ ನಿಂತು ತನ್ನ ಹೆಸರು ಹೇಳಿ ನೋಡಿದಳು. ಯಾರೋ ಪಕ್ಕದಲ್ಲಿದ್ದಾರೆನಿಸಿ ತಿರುಗಿ ನೋಡಿದಳು.

ಅಷ್ಟರಲ್ಲಿ ಮುಕ್ತಾಳನ್ನು ಮನೆಗೆ ತಂದಿದ್ದರು. ನಡುಮನೆಯ ಮಂಚ, ಕಾಲಿಗೆ ಕಟ್ಟು. ಅವಳ ಕಿವಿಗೆ ಇಲಿಯಾಸ್ ಅಳೆಯುವುದಕ್ಕಷ್ಟೇ ಇಟ್ಟ ಓಲೆ. ನೀಲಾ ಹೊಸ್ತಿಲಲ್ಲಿ ನಿಂತು, ‘ಮುಕ್ತಾ’ ಎಂದಳು. ಇಲಿಯಾಸ್ ಪರದೆ ನೋಡುತ್ತಿದ್ದರು. ಗೆರೆ ಅಲುಗಲಿಲ್ಲ. ಮತ್ತೊಮ್ಮೆ ಕರೆದಳು. ಗೆರೆ ನೆಟ್ಟಗೆ, ಶಾಂತವಾಗಿ ಸಾಗಿತು. ಗುರುಶಾಂತ ಗೋಡೆಗೆ ಒರಗಿ ಕಣ್ಣೊರೆಸಿಕೊಂಡ. ‘ಗೆದ್ರಿ ಮೇಡಂ’ ಎಂದು ಇಲಿಯಾಸ್ ಪಿಸುಗುಟ್ಟಿದರು.

ಅವರು ಹೋದ ಮೇಲೆ ನೀಲಾ ನುಚ್ಚು ಮಾಡಿದಳು, ಮೇಲೆ ಮಜ್ಜಿಗೆ, ಅಂಚಿಗೆ ಒಂದಿಷ್ಟು ಶೇಂಗಾ ಚಟ್ನಿ. ತಾಟು ತಂದು ಮಂಚದ ಪಕ್ಕ ಕೂತಳು.

‘ಊಟಾ ಮಾಡ್ತೀಯೇನವ್ವಾ?’

‘ಹೂಂನ್ರಿ’ ಎಂದಳು ಮುಕ್ತಾ.

ನೀಲಾಳ ಕೈ ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಹುಡುಗಿ ಅವ್ವನಿಗೆ ‘ರಿ’ ಹಚ್ಚಿ ಮಾತಾಡಿದವಳಲ್ಲ. ತಪ್ಪಿ ಬಂದಿರಬೇಕು ಎಂದುಕೊಂಡು ತುತ್ತು ಕಲಸಿದಳು. ಮುಕ್ತಾ ಬಾಯಿ ತೆರೆದು, ನಿಧಾನ ಅಗಿದು, ನುಂಗಿದಳು. ಹೆದರಿಕೆಯ ಗುರುತಿರಲಿಲ್ಲ, ಅವ್ವನ ಗುರುತು ಹಿಡಿದ ಹಾಗೂ ಇರಲಿಲ್ಲ. ಮನೆಗೆ ಬಂದ ನೆಂಟರ ಮುಂದೆ ಹೇಗೆ ಕೂರಬೇಕೆಂದು ಕಲಿಸಿದ್ದರೋ ಹಾಗೆ, ಕೈ ಮಡಿಚಿ, ಅಚ್ಚುಕಟ್ಟಾಗಿ ಕೂತಿದ್ದಳು.

‘ಚಲೋ ಆಗೇತೇನು?’

‘ಚಲೋ ಆಗೇತ್ರಿ. ನಮ್ಮವ್ವನೂ ಹಿಂಗ ಮಾಡತಿದ್ಲು.’

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗುರುಶಾಂತ, ‘ಮುಕ್ತಾ, ಅಕಿ...’ ಎಂದು ಮುಂದೆ ಬಂದ. ನೀಲಾ ಅವನಿಗೆ ಬೇಡವೆಂದು ತಲೆಯಾಡಿಸಿದಳು. ಮಗಳ ಗಲ್ಲಕ್ಕೆ ಅಂಟಿದ್ದ ಮಜ್ಜಿಗೆಯನ್ನು ಸೆರಗಿನಿಂದ ಒರೆಸಿದಳು.

‘ಹೌದೇನು?’ ಎಂದಳು, ಇನ್ನೊಂದು ತುತ್ತು ಎತ್ತುತ್ತ.